ಸರ್ಕಾರದ ಕಡತ, ನೌಕರನ ಮೊಬೈಲ್

ಹಾವೇರಿ: ವರದಾ ನದಿ ಉಕ್ಕಿ ಹೊಲಗಳಿಗೆ ನುಗ್ಗಿದಾಗ, ರಾಣೆಬೆನ್ನೂರು ಸೀಮೆಯ ಗೋವಿನಜೋಳವೋ ಬ್ಯಾಡಗಿ ಸೀಮೆಯ ಮೆಣಸಿನ ಗಿಡವೋ ಅತಿವೃಷ್ಟಿಗೆ ಕೊಳೆತಾಗ ರೈತರು ಮೊದಲು ಹುಡುಕುವುದು ಗ್ರಾಮ ಆಡಳಿತಾಧಿಕಾರಿಯನ್ನು. ಹಾನಿಯ ಛಾಯಾಚಿತ್ರ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು ಇಂದು ಕಡತಕ್ಕಿಂತ ಮೊದಲು ಮೊಬೈಲ್ ಸೇರುತ್ತವೆ. ಆ ಮೊಬೈಲ್ ಯಾರದು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಿಂದೆ ಗ್ರಾಮ ಲೆಕ್ಕಿಗರೆನಿಸಿಕೊಂಡಿದ್ದ ಈ ನೌಕರರು ಇದೇ ಪ್ರಶ್ನೆಯನ್ನು ಮುಂದಿಟ್ಟು 2024ರ ಸೆಪ್ಟೆಂಬರ್ 26ರಿಂದ ರಾಜ್ಯದಾದ್ಯಂತ ಮುಷ್ಕರ ಹೂಡಿದರು. 2025ರ ಫೆಬ್ರವರಿ 10ರಿಂದ ಎರಡನೇ ಹಂತದ ಮುಷ್ಕರ ನಡೆಯಿತು. ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಬಗರ್ ಹುಕುಂ, ಹಕ್ಕುಪತ್ರ, ನವೋದಯ ಮುಂತಾದ ಹತ್ತಾರು ಆ್ಯಪ್‌ಗಳ ಕೆಲಸವನ್ನು ಹೇರುವ ಮುನ್ನ ಮೊಬೈಲ್, ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್, ಇಂಟರ್‌ನೆಟ್ ಒದಗಿಸಬೇಕೆಂಬುದು ಅವರ ಪ್ರಮುಖ ಬೇಡಿಕೆಗಳಲ್ಲೊಂದಾಗಿತ್ತು.

ಎರಡು ದಶಕಗಳ ಹಿಂದೆ ‘ಭೂಮಿ’ ಯೋಜನೆ ಬಂದಾಗ ಸ್ಥಿತಿ ಬೇರೆ ಇತ್ತು. ಗಣಕಯಂತ್ರ ತಾಲ್ಲೂಕು ಕಚೇರಿಯಲ್ಲಿತ್ತು. ಅದನ್ನು ಬಳಸುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಪ್ರವೇಶಿಸಬೇಕಿತ್ತು. ಯಂತ್ರವೂ ಸರ್ಕಾರದ್ದು, ಹೊಣೆಯೂ ಸರ್ಕಾರದ್ದು. ಈಗ ಕೆಲಸ ಕಚೇರಿ ಬಿಟ್ಟು ಹೊಲಕ್ಕೆ, ಮನೆ ಬಾಗಿಲಿಗೆ ಬಂದಿದೆ. ಇದು ಸ್ವಾಗತಾರ್ಹವೇ. ಆದರೆ ಕೆಲಸ ಬಂದ ವೇಗದಲ್ಲಿ ಹೊಣೆ ಬರಲಿಲ್ಲ.

ಕಂದಾಯ ಇಲಾಖೆಯೊಂದರ ಕಥೆಯಿದಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ತಮ್ಮ ಮೊಬೈಲ್‌ಗಳಲ್ಲೇ ಮನೆಮನೆಯ ಮಾಹಿತಿ ದಾಖಲಿಸಿದರು. ಆ್ಯಪ್ ಮತ್ತು ಸರ್ವರ್ ತೊಂದರೆಯ ದೂರುಗಳು ಆಗ ಎಲ್ಲೆಡೆ ಕೇಳಿಬಂದವು.

ಖರ್ಚು ಈ ಸಮಸ್ಯೆಯ ಒಂದು ಮುಖ ಮಾತ್ರ. ನೌಕರ ವರ್ಗವಾದಾಗ ಕಡತ, ಮೊಹರು, ಬೀರುವಿನ ಕೀಲಿಗಳನ್ನು ಪಟ್ಟಿ ಮಾಡಿ ಮುಂದಿನವರಿಗೆ ಪ್ರಭಾರ ವಹಿಸುವುದು ಪದ್ಧತಿ. ಸ್ವಂತ ಮೊಬೈಲ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದರಲ್ಲಿ ಉಳಿದ ನೂರಾರು ರೈತರ ಆಧಾರ್ ಪ್ರತಿಗಳು ಬ್ಯಾಡಗಿಯಿಂದ ಬೇರೆ ಜಿಲ್ಲೆಗೆ ನೌಕರನೊಂದಿಗೇ ಸಾಗುತ್ತವೆ. ಮೊಬೈಲ್ ಕಳೆದರೆ, ಮಾರಾಟವಾದರೆ, ಮಕ್ಕಳ ಕೈ ಸೇರಿದರೆ ಉತ್ತರದಾಯಿ ಯಾರು?

ಕೇಂದ್ರ ಸರ್ಕಾರವು 2022ರ ಜೂನ್‌ನಲ್ಲಿ ತನ್ನ ನೌಕರರಿಗೆ ನೀಡಿದ ಸೈಬರ್ ಸುರಕ್ಷತಾ ಮಾರ್ಗಸೂಚಿಯು ಗೋಪ್ಯ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಇಡುವುದನ್ನೂ ಸರ್ಕಾರಿ ದಾಖಲೆಗಳನ್ನು ಕ್ಯಾಮ್‌ಸ್ಕ್ಯಾನರ್‌ನಂತಹ ಆ್ಯಪ್‌ಗಳಿಂದ ಸ್ಕ್ಯಾನ್ ಮಾಡುವುದನ್ನೂ ನಿಷೇಧಿಸಿತ್ತು. ಸ್ಕ್ಯಾನರನ್ನೇ ಬೇಡುತ್ತಿದ್ದ ಗ್ರಾಮ ಮಟ್ಟದ ನೌಕರನಿಗೆ ಇಂತಹ ಎಚ್ಚರಿಕೆಯನ್ನು ಪಾಲಿಸುವ ದಾರಿ ಯಾವುದು? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಪ್ರಕಟವಾಗಿರುವುದರಿಂದ ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಸ್ವಂತ ಮೊಬೈಲ್‌ನಿಂದ ಕೆಲಸ ಚುರುಕಾಗುತ್ತದೆ, ಸಾಧನ ಖರೀದಿಗೆ ದೊಡ್ಡ ಮೊತ್ತ ಬೇಕು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸಾಧನ ಹಂಚಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದೂ ಇಲ್ಲ. ಸ್ವಂತ ಮೊಬೈಲ್ ಅನಿವಾರ್ಯವಾದಲ್ಲಿ ನಿಗದಿತ ಭತ್ಯೆ, ಅಪ್‌ಲೋಡ್ ಆದೊಡನೆ ಪ್ರತಿ ಅಳಿಸುವ ವ್ಯವಸ್ಥೆ, ಪ್ರಭಾರ ಪಟ್ಟಿಯಲ್ಲಿ ಡಿಜಿಟಲ್ ದಾಖಲೆಗೂ ಒಂದು ಕಲಂ, ಇಷ್ಟನ್ನಾದರೂ ಲಿಖಿತ ಆದೇಶದ ಮೂಲಕ ತರಬೇಕಾಗಿದೆ. ರೈತ ತನ್ನ ದಾಖಲೆಗಳನ್ನು ಒಪ್ಪಿಸುವುದು ಸರ್ಕಾರವನ್ನು ನಂಬಿ. ಅವುಗಳನ್ನು ಕಾಯುವ ಹೊಣೆಯೂ ಸರ್ಕಾರದ್ದೇ ಆಗಿರಬೇಕು.