ಕೇಳುವುದಾದರೂ ಯಾರನ್ನು?

ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಪರಿಚಯದ ಹೆಂಗಸೊಬ್ಬರು ಸಿಕ್ಕರು. 2016ರಲ್ಲಿ ತಾಲ್ಲೂಕು ಪಂಚಾಯಿತಿಗೆ ಗೆದ್ದವರು. ಅವಧಿ 2021ಕ್ಕೇ ಮುಗಿದರೂ ಕಂಡಕ್ಟರ್ ಬಾಯಲ್ಲಿ ಇನ್ನೂ ‘ಮೆಂಬರಮ್ಮ, ಮುಂದೆ ಬನ್ನಿ’. ಅವರು ನಕ್ಕರು: ‘ನನ್ನ ಜಾಗಕ್ಕೆ ಯಾರೂ ಬರ್ಲಿಲ್ಲ, ನಾನು ಮಾಜಿ ಆಗೋದು ಹ್ಯಾಗೆ?’ ಕೈಚೀಲದಲ್ಲಿ ಯಾರದೋ ವಿಧವಾ ವೇತನದ ಅರ್ಜಿ ಇಣುಕುತ್ತಿತ್ತು.

ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಅಂದರೆ ನಮ್ಮ ರಾಜ್ಯದ ದನಿ ಜೋರು. 28 ಸ್ಥಾನಗಳ ತೂಕ ಇಳಿಯಬಾರದು, ನಮ್ಮನ್ನು ಕೇಳದೆ ಗೆರೆ ಎಳೆಯಬಾರದು ಎನ್ನಲು 2025ರ ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿ ಚೆನ್ನೈವರೆಗೂ ಹೋಗಿಬಂದರು. ನ್ಯಾಯವೇ. ಆದರೆ ದೆಹಲಿಗೆ ಹೇಳಿದ ಮಾತು ನಮ್ಮ ಆನವಟ್ಟಿಗೂ ಸಲ್ಲಬೇಕಲ್ಲ? ಪಂಚಾಯಿತಿ ಕ್ಷೇತ್ರಗಳ ಗೆರೆ ಎಳೆಯುವ ಅಧಿಕಾರವನ್ನು 2021ರಲ್ಲಿ ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟದ್ದು ನಮ್ಮ ವಿಧಾನಸೌಧವೇ. ಆಮೇಲೆ ಗೆರೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ಸರ್ಕಾರ ಬದಲಾದರೂ ಅವಸರ ಹುಟ್ಟಲಿಲ್ಲ. ಅವಧಿ ತೀರುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಆದರೆ ಚುನಾವಣೆ ನಡೆಯದೆ ಖುರ್ಚಿಗೆ ಬಂದದ್ದು ಆಡಳಿತಾಧಿಕಾರಿ. ಹೆಣ್ಣುಮಕ್ಕಳಿಗೆ ಅರ್ಧ ಸ್ಥಾನವೆಂದು 2010ರಲ್ಲಿ ಹೆಮ್ಮೆಪಟ್ಟೆವು. ಸೊನ್ನೆಯಲ್ಲಿ ಅರ್ಧವೆಂದರೆ ಎಷ್ಟು?

ಕೇಳುವ ಶಾಸ್ತ್ರ ಹೇಗಿರುತ್ತದೆಂದು ಈ ಸೀಮೆಗೆ ಗೊತ್ತು. 2002ರ ಕಾಯ್ದೆಯ ಮರುವಿಂಗಡಣಾ ಆಯೋಗದ ಜೊತೆ ರಾಜ್ಯದ ಐವರು ಸಂಸದರು, ಐವರು ಶಾಸಕರು ಕೂರುತ್ತಿದ್ದರು. ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. 2008ರ ಚುನಾವಣೆ ಬರುವಷ್ಟರಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೇ ಮಾಯ. ಸಾಗರ, ತೀರ್ಥಹಳ್ಳಿಗಳಿಗೆ ಹಂಚಿಹೋಗಿತ್ತು. ಆದರೂ ಆಗ ಕೇಳಲು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರಾದರೂ ಇದ್ದರು.

ಸೊರಬ ಬಂಗಾರಪ್ಪನವರನ್ನು ಕೊಟ್ಟ ತಾಲ್ಲೂಕು, ಶಿಕಾರಿಪುರ ಯಡಿಯೂರಪ್ಪನವರನ್ನು. ಮುಖ್ಯಮಂತ್ರಿಗಳ ಮಹಡಿಯಲ್ಲಿ ನಮ್ಮ ದನಿಗೆ ಎಂದೂ ಬರ ಬಂದಿಲ್ಲ. ಆದರೆ ಮಳೆಗಾಲಕ್ಕೆ ಮೊದಲು ಮಕ್ಕಳು ಶಾಲೆಗೆ ದಾಟುವ ಕಾಲುಸಂಕ ಮುರಿದಿದೆ, ಅಂಗನವಾಡಿಯ ಹೆಂಚು ಸೋರುತ್ತಿದೆ ಎಂದು ಸಭೆಯಲ್ಲಿ ಅಧಿಕಾರಿಯನ್ನು ನಿಲ್ಲಿಸಿ ಕೇಳುವುದು ಕೆಳಮಹಡಿಯ ಕೆಲಸ. ಅದಕ್ಕೇ ಬೀಗ. ಮೇಲಿನಿಂದ ಬಂದ ಅಮಲ್ದಾರ ಬೇಡವೆಂದು 1942ರಲ್ಲಿ ಊರ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ ಈಸೂರು ಇದೇ ಶಿಕಾರಿಪುರ ತಾಲ್ಲೂಕಿನಲ್ಲಿದೆ ಎಂಬುದನ್ನು ಆಡಳಿತಾಧಿಕಾರಿಗಳಿಗೆ ಯಾರಾದರೂ ಹೇಳಿದರೆ ಚೆನ್ನ.

ಬಸ್ ಹೊರಟಾಗ ಮೆಂಬರಮ್ಮ ಕಿಟಕಿಯಿಂದ ಕೂಗಿದರು: ‘ಅಂದಹಾಗೆ, ಗೆರೆ ಎಲ್ಲಿ ಎಳೆದ್ರಂತೆ ಸಾರ್? ನಮ್ಮೂರು ಯಾವ ಕಡೆ ಬಿತ್ತು?’