ರಾಜಕುಮಾರನಿಗೆ ಪಾಟೀಸವಾಲು

ಹದಿಹರೆಯದವರು ರಾಜಕುಮಾರರ ಪ್ರೇಮಕಥೆ ಓದಿ ಹಗಲುಗನಸು ಕಾಣುತ್ತಾರೆ ಎಂಬ ದೂರು ಬಹಳ ಹಳೆಯದು. ದೂರುವವರು ಆ ಓದುಗರ ಮಾತಿಗೆ ಕಿವಿಗೊಟ್ಟಿರುವುದು ಕಡಿಮೆ. ಕೊಟ್ಟ ಮಾತು ಇವನು ಉಳಿಸಿಕೊಂಡನೇ? ಅವಳೇಕೆ ಅಷ್ಟು ದಿನ ಸುಮ್ಮನಿದ್ದಳು? ಗೆಳತಿಯ ಗತಿ ಏನಾಯಿತು? ಪುಸ್ತಕ ಮುಚ್ಚಿದ ಮೇಲೆ ಅವರ ನಡುವೆ ಏಳುವ ಪ್ರಶ್ನೆಗಳು ಇಂಥವು.

ಅಮೆರಿಕದ ಲೇಖಕಿ ಕೀರಾ ಕಾಸ್ ಅವರ ‘ದಿ ಸೆಲೆಕ್ಷನ್’ 2012ರಲ್ಲಿ ಬಂತು. ಇಲಿಯಾ ಎಂಬ ಕಲ್ಪಿತ ರಾಜ್ಯ, ಮ್ಯಾಕ್ಸನ್ ಎಂಬ ಯುವರಾಜ, ಅವನ ಕೈಹಿಡಿಯಲೆಂದು ಅರಮನೆಗೆ ಬಂದಿಳಿದ 35 ಹುಡುಗಿಯರು. ಆ ರಾಜ್ಯದ ಜನರನ್ನು ಎಂಟು ಜಾತಿಗಳಾಗಿ ಎಣಿಸಿ ಇಟ್ಟಿದ್ದಾರೆ. ನಾಯಕಿ ಅಮೆರಿಕಾ ಸಿಂಗರ್ ಕಲಾವಿದರ ಐದನೆಯ ಜಾತಿಯವಳು. ಅವಳ ಮೊದಲ ಪ್ರೇಮಿ ಆಸ್ಪೆನ್ ಆರನೆಯದರವನು. ಇಬ್ಬರ ನಡುವೆ ಯಾರೆಂದು ಅವಳು ತೀರ್ಮಾನಿಸುವಷ್ಟರಲ್ಲಿ ಮೂರು ಪುಸ್ತಕ ಮುಗಿದು 2014 ಬಂದಿರುತ್ತದೆ. ಓದುಗರಿಗೆ ಅವಳ ಮೇಲೆ ಸಿಟ್ಟು ಬಂದರೆ ಅದು ಸಹಜವೇ.

ಸ್ವಯಂವರದ ಕಥೆ ಕೇಳುತ್ತ ಬೆಳೆದ ಹಾವೇರಿ ಸೀಮೆಯವರಿಗೆ ಇದು ತಿರುವುಮುರುವಾದ ಸ್ವಯಂವರದಂತೆ ಕಂಡೀತು. ಅಂಥ ಕಥೆಗಳ ದೊಡ್ಡ ಕಣಜ ಇಲ್ಲಿಯೇ ಇದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಹೆಸರಲ್ಲಿ ಹಾಡಿದ ಕನಕದಾಸರು ದಾಸರಷ್ಟೇ ಅಲ್ಲ, ಪ್ರೇಮಕಾವ್ಯಗಳ ಕವಿಯೂ ಹೌದು. ಭಾಮಿನಿ ಷಟ್ಪದಿಯ ‘ನಳಚರಿತ್ರೆ’, ಸಾಂಗತ್ಯದ ‘ಮೋಹನತರಂಗಿಣಿ’ ಎರಡರಲ್ಲೂ ಅರಮನೆಗಳ ಹರೆಯವಿದೆ.

ದಮಯಂತಿಯನ್ನೇ ನೋಡಿ. ಸ್ವಯಂವರ ಮಂಟಪದಲ್ಲಿ ನಳನ ರೂಪ ತಾಳಿದ ನಾಲ್ವರು ದೇವತೆಗಳು, ಜೊತೆಗೆ ನಿಜವಾದ ನಳ. ಭಾರತದ ವನಪರ್ವದಲ್ಲಿ ಅವಳು ಗುರುತು ಹಿಡಿಯುವ ಬಗೆ ಸೊಗಸಾದುದು. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಅವರ ಕಾಲು ನೆಲಕ್ಕೆ ತಾಗುವುದಿಲ್ಲ, ಕೊರಳ ಹೂವು ಬಾಡುವುದಿಲ್ಲ. ಬೆವರಿ, ಬಾಡಿದ ಮಾಲೆ ತೊಟ್ಟು ನಿಂತವನನ್ನು ಅವಳು ಆರಿಸಿಕೊಂಡಳು. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯಲ್ಲಿ ಆ ಸ್ವಯಂವರ ನಡೆದಿದ್ದರೆ ಪಾಪ, ಅವಳಿಗೆ ಒಂದು ಗುರುತು ಕಡಿಮೆಯಾಗುತ್ತಿತ್ತು!

ಅಂಥವಳನ್ನು ನಳ ನಡುಗಾಡಿನಲ್ಲಿ, ಮಲಗಿದ್ದಾಗ, ಅರ್ಧ ಸೀರೆ ಕತ್ತರಿಸಿಕೊಂಡು ಬಿಟ್ಟು ಹೋಗುತ್ತಾನೆ. ಅವನೊಳಗೆ ಕಲಿ ಹೊಕ್ಕಿದ್ದ ಎಂದು ಹಿರಿಯರು ಅವನ ಪರ ವಕಾಲತ್ತು ವಹಿಸುತ್ತಾರೆ. ಹದಿನೇಳರ ಓದುಗಿ ಅದನ್ನು ಒಪ್ಪಬೇಕಾಗಿಲ್ಲ. ದಮಯಂತಿಯೂ ಸುಮ್ಮನೆ ಒಪ್ಪಲಿಲ್ಲ. ಎರಡನೆಯ ಸ್ವಯಂವರದ ಸುದ್ದಿ ಹಬ್ಬಿಸಿ ಅವನನ್ನು ಅಯೋಧ್ಯೆಯಿಂದ ಕರೆಸಿದಳು. ಬಾಹುಕನೆಂಬ ಸಾರಥಿಯ ವೇಷದಲ್ಲಿದ್ದವನ ಹಿಂದೆ ದಾಸಿ ಕೇಶಿನಿಯನ್ನು ಬಿಟ್ಟಳು. ಅವನು ಮಾಡಿದ ಅಡುಗೆ ತರಿಸಿ ರುಚಿ ನೋಡಿದಳು. ಇಷ್ಟಾದ ಮೇಲೆಯೇ ಎದುರು ನಿಲ್ಲಿಸಿ ಕೇಳಬೇಕಾದ್ದನ್ನು ಕೇಳಿದಳು.

ಉಷೆ-ಅನಿರುದ್ಧರ ಕಥೆಯಲ್ಲಿ ಓದುಗರ ಕಣ್ಣು ಇನ್ನೊಬ್ಬಳ ಮೇಲೆ ನೆಡುತ್ತದೆ. ಈ ಕಥೆ ‘ಮೋಹನತರಂಗಿಣಿ’ಯಲ್ಲಿದೆ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಇದನ್ನೇ ‘ಉಷಾಹರಣ’ ನಾಟಕ ಮಾಡಿದರು. ಕನಸಿನಲ್ಲಿ ಕಂಡ ಹುಡುಗ ಯಾರೆಂದು ಬಾಣಾಸುರನ ಮಗಳು ಉಷೆಗೆ ಗೊತ್ತಿಲ್ಲ. ಮಂತ್ರಿಯ ಮಗಳು ಚಿತ್ರಲೇಖೆ ದೇವ ಗಂಧರ್ವರಿಂದ ಹಿಡಿದು ಯಾದವರವರೆಗೆ ಒಬ್ಬೊಬ್ಬರನ್ನೇ ಬರೆದು ತೋರಿಸುತ್ತಾಳೆ. ಪ್ರದ್ಯುಮ್ನನ ಚಿತ್ರಕ್ಕೆ ಉಷೆ ನಾಚಿದಳೆಂದು ಭಾಗವತ ಹೇಳುತ್ತದೆ. ಅವನು ಹುಡುಗನ ಅಪ್ಪ! ಆಮೇಲೆ ದ್ವಾರಕೆಗೆ ಹೋಗಿ ಮಲಗಿದ್ದ ಅನಿರುದ್ಧನನ್ನು ಎತ್ತಿ ತಂದವಳೂ ಚಿತ್ರಲೇಖೆಯೇ. ಅನಿರುದ್ಧನಿಗಾಗಿ ಯುದ್ಧ ಶುರುವಾದೊಡನೆ ಕಥೆ ಅವಳನ್ನು ಕೈಬಿಡುತ್ತದೆ. ಓದುಗರು ಬಿಡುವುದಿಲ್ಲ.

ಇಂಥ ಓದುಗರನ್ನು ಹುಡುಕಿಕೊಂಡು ಹೋದ ಲೇಖಕ ಗಳಗನಾಥರು. ಹಾವೇರಿ ತಾಲ್ಲೂಕಿನ, ತುಂಗಭದ್ರೆಯ ದಂಡೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ (1869-1942) ಮೇಷ್ಟ್ರಾಗಿದ್ದವರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರು. ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು.

ಹರಿ ನಾರಾಯಣ ಆಪ್ಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿದ ಅವರ ‘ಕನ್ನಡಿಗರ ಕರ್ಮಕಥೆ’ ಶುರುವಾಗುವುದೇ ಹರೆಯದ ಪ್ರೇಮದಿಂದ. ವಿಜಯನಗರದ ರಾಮರಾಜ ಮೆಹರ್ಜಾನಳನ್ನು ಪ್ರೀತಿಸುತ್ತಾನೆ. ಕೃಷ್ಣದೇವರಾಯನ ಅಳಿಯನಾಗುವ ಅವಕಾಶ ಬಂದಾಗ ಅವಳನ್ನು ತೊರೆಯುತ್ತಾನೆ. ಅವರ ಮಗ ಮುಂದೆ ಬಿಜಾಪುರದ ಕಡೆಯವನಾಗಿ ಅಪ್ಪನಿಗೇ ಎದುರಾಗುತ್ತಾನೆ. 1565ರ ವಿಜಯನಗರದ ಸೋಲಿಗೆ ಚರಿತ್ರಕಾರರು ಸುಲ್ತಾನರ ಒಕ್ಕೂಟವನ್ನೂ ಅವರ ಫಿರಂಗಿಗಳನ್ನೂ ಮುಂದಿಡುತ್ತಾರೆ. ಕಾದಂಬರಿ ಮಾತ್ರ ಒಬ್ಬ ಹೆಣ್ಣಿಗೆ ತಪ್ಪಿದ ಮಾತನ್ನೇ ಎತ್ತಿ ಹಿಡಿಯುತ್ತದೆ. ಚರಿತ್ರೆಯಾಗಿ ಇದು ನಿಲ್ಲಲಾರದು. ಆದರೆ ಕಿರೀಟ ತೊಟ್ಟವನ ವಚನಭಂಗಕ್ಕೆ ಊರೆಲ್ಲ ದಂಡ ತೆರಬೇಕಾಗುತ್ತದೆ ಎಂದು ಓದುಗರ ಮನಸ್ಸಿಗೆ ನಾಟಿಸಲು ಗಳಗನಾಥರಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ನಳನಿಗೂ ರಾಮರಾಜನಿಗೂ ಮ್ಯಾಕ್ಸನ್‌ಗೂ ಓದುಗರು ಹಾಕುವ ಪಾಟೀಸವಾಲು ಒಂದೇ ಜಾತಿಯದು. ರೂಪ, ಕುದುರೆ, ಅರಮನೆ ಇವು ಕಥೆಯೊಳಕ್ಕೆ ಕರೆಯುತ್ತವೆ. ಒಳಗೆ ಕೂತ ಮೇಲೆ ಓದುಗರು ನಡತೆಯ ಲೆಕ್ಕ ತೆಗೆಯುತ್ತಾರೆ. ‘ನಂಗ ಅವನು ಸೇರಂಗಿಲ್ಲ’ ಎಂದು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಾಲೇಜು ಹುಡುಗಿ ಗೆಳತಿಗೆ ಹೇಳಿದರೆ, ಅಲ್ಲಿ ವಿಮರ್ಶೆ ಆಗಲೇ ಶುರುವಾಗಿದೆ. ಯಾಕೆ ಎಂದು ಗೆಳತಿ ಕೇಳಿದರೆ ಅದು ಎರಡನೆಯ ಪ್ಯಾರಾಕ್ಕೆ ಬರುತ್ತದೆ.

ಮುಂದಿನ ಸಂಚಿಕೆಯ ಓದುಗರ ಪುಟಗಳನ್ನು ಆ ಎರಡನೆಯ ಪ್ಯಾರಾಕ್ಕೆಂದೇ ಕಾದಿರಿಸಲಾಗಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪಿಯು ವಿದ್ಯಾರ್ಥಿಗಳು ತಾವು ಓದಿದ ಒಂದು ರಾಜಕುಟುಂಬದ ಕಥೆಯಿಂದ ಒಂದೇ ಪಾತ್ರ ಆರಿಸಿಕೊಂಡು, ಅದರ ಮೇಲೆ ಸಿಟ್ಟೋ ಮಮತೆಯೋ ಯಾಕೆಂದು ಬರೆಯಬಹುದು. ಪುಸ್ತಕ ಇಂಗ್ಲಿಷಿನದಾದರೂ ಅಡ್ಡಿಯಿಲ್ಲ, ಪತ್ರ ಕನ್ನಡದಲ್ಲಿರಲಿ. ಚಿತ್ರಲೇಖೆಯ ಪರವಾಗಿ ಬಂದ ಪತ್ರಗಳಿಗೆ ಮೊದಲ ಜಾಗ.