‘ಈ ಕಾಲೇಜೇ ಏಕೆ?’ – ಉತ್ತರ ಬರೆಯಬೇಕಾದವರು ಯಾರು?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುತ್ತಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಮನೆಗಳಲ್ಲಿ ಅರ್ಜಿ ತುಂಬುವ ಕಾರ್ಯ ಭರದಿಂದ ಸಾಗುತ್ತದೆ. ಹೆಸರು, ವಿಳಾಸ, ಅಂಕಗಳವರೆಗೆ ತೊಡಕಿಲ್ಲ. ಆದರೆ ವಿದೇಶದ ಅನೇಕ ಕಾಲೇಜುಗಳೂ ನಮ್ಮ ದೇಶದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ‘ನಮ್ಮ ಸಂಸ್ಥೆಯನ್ನೇ ಏಕೆ ಆರಿಸಿಕೊಂಡಿರಿ?’ ಎಂದು ಪ್ರಬಂಧ ಬರೆಯಲು ಹೇಳಿದಾಗ ನಮ್ಮ ಮಕ್ಕಳ ಲೇಖನಿ ನಿಂತುಬಿಡುತ್ತದೆ.

ಇದು ಅವರ ದೋಷವಲ್ಲ. ಕರ್ನಾಟಕದಲ್ಲಿ 1994ರಿಂದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳು ಪ್ರವೇಶ ಪರೀಕ್ಷೆಗಳ ರ‍್ಯಾಂಕಿನಿಂದಲೇ ಹಂಚಿಕೆಯಾಗುತ್ತಿವೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ಮೀಸಲಾತಿಯೂ ದೊರೆತಿದೆ. ಇವೆರಡೂ ಬಡವರ ಮಕ್ಕಳಿಗೆ ಬಾಗಿಲು ತೆರೆದವು ಎಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ರ‍್ಯಾಂಕು ‘ಏಕೆ?’ ಎಂದು ಕೇಳುವುದಿಲ್ಲ. ಮನೆಯ ಹಿರಿಯರಾದ ನಾವಾದರೂ ಕೇಳಿದ್ದೇವೆಯೇ?

ನಮ್ಮದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಶಹಾಬಾದ ಕಡೆಯ ಕಲ್ಲುಗಣಿ ಕಾರ್ಮಿಕರೊಬ್ಬರ ಮಗಳು ತನ್ನ ಪ್ರಬಂಧವನ್ನು ತಿದ್ದಲೆಂದು ನಮ್ಮಲ್ಲಿಗೆ ತಂದಿದ್ದಳು. ತಿದ್ದುವ ನೆಪದಲ್ಲಿ ನಾವೇ ಅದನ್ನು ಬರೆದುಕೊಟ್ಟೆವು. ‘ವಿಶ್ವವಿಖ್ಯಾತ’, ‘ಉನ್ನತ ಪರಂಪರೆಯ’ ಎಂಬ ವಿಶೇಷಣಗಳನ್ನು ಧಾರಾಳವಾಗಿ ಸುರಿದೆವು. ಸಂದರ್ಶನದಲ್ಲಿ ಆ ಮಾತುಗಳ ಅರ್ಥವನ್ನು ವಿವರಿಸಲು ಕೇಳಿದಾಗ ಹುಡುಗಿ ಮೌನವಾದಳು, ಸೀಟು ದೊರೆಯಲಿಲ್ಲ. ತಂದೆ ಸೀಳುವ ಕಲ್ಲು ಪದರಪದರವಾಗಿ ಏಳುವುದೇಕೆ ಎಂಬ ಕುತೂಹಲದಿಂದ ಭೂವಿಜ್ಞಾನವನ್ನು ಆರಿಸಿಕೊಂಡೆನೆಂದು ಅವಳು ಆಮೇಲೆ ಹೇಳಿದಳು. ಆ ಒಂದು ವಾಕ್ಯ ನಾವು ಬರೆದ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಕಾಲೇಜಿನ ಕೈಪಿಡಿಯಲ್ಲಿರುವ ಹೊಗಳಿಕೆ ಕಾಲೇಜಿನವರಿಗೆ ಗೊತ್ತೇ ಇದೆ. ಅವರಿಗೆ ತಿಳಿಯದಿರುವುದು ಅರ್ಜಿದಾರನ ಬದುಕು. ತಾನು ಏನನ್ನು ಕಲಿಯಬಯಸುತ್ತೇನೆ, ಅದಕ್ಕೆ ಆ ಸಂಸ್ಥೆಯ ಯಾವ ಪಾಠಕ್ರಮ, ಯಾವ ಪ್ರಯೋಗಾಲಯ ನೆರವಾಗುತ್ತದೆ – ಇವೆರಡನ್ನು ಜೋಡಿಸಿದರೆ ಪ್ರಬಂಧ ಮುಗಿಯಿತು. ವಿದ್ಯಾರ್ಥಿವೇತನವಿಲ್ಲದೆ ಓದಲಾಗದು ಎಂಬುದು ಸತ್ಯವಾದರೆ ಅದನ್ನು ಹೇಳುವುದರಲ್ಲಿ ನಾಚಿಕೆಯಿಲ್ಲ. ರೈಲುಮಾರ್ಗವೇ ಇಲ್ಲದ ಚಿಂಚೋಳಿಯ ವಿದ್ಯಾರ್ಥಿನಿ ಹಾಸ್ಟೆಲು ಇರುವ ಕಾಲೇಜನ್ನೇ ಹುಡುಕಿದರೆ ಅದೂ ಗೌರವದ ಕಾರಣವೇ. ಆದರೆ ಅದರೊಡನೆ ಕಲಿಕೆಯ ಹಸಿವೂ ಕಾಣಿಸಬೇಕು.

ಈ ಹಸಿವು ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿ ಗುರುಗಳ ಜೊತೆಗೆ ಆರು ಮಂದಿ ಗ್ರಂಥಪಾಲಕರೂ ಇದ್ದರೆಂದು 1058ರ ಶಾಸನದಿಂದ ತಿಳಿದುಬರುತ್ತದೆ. ವಿದ್ಯೆಯನ್ನು ಅರಸಿ ಪರರು ನಮ್ಮಲ್ಲಿಗೆ ಬರುತ್ತಿದ್ದ ಕಾಲವೂ ಒಂದಿತ್ತು. ‘ಹಿಂದುಳಿದ ಪ್ರದೇಶದವನು’ ಎಂಬ ಒಂದೇ ಪರಿಚಯದೊಡನೆ ನಮ್ಮ ಮಕ್ಕಳು ಹೊರಡಬೇಕಾಗಿಲ್ಲ.

ಆದುದರಿಂದ ಪಾಲಕರಲ್ಲಿಯೂ ಶಿಕ್ಷಕರಲ್ಲಿಯೂ ನಮ್ಮ ವಿನಂತಿ ಇಷ್ಟೇ: ಅರ್ಜಿ ಬರುವ ಮೊದಲೇ ಮಗುವನ್ನು ಬಳಿ ಕೂರಿಸಿಕೊಂಡು ‘ನಿನಗೆ ಇದೇ ಏಕೆ ಬೇಕು?’ ಎಂದು ಕೇಳೋಣ. ಉತ್ತರ ನಮ್ಮ ಇಚ್ಛೆಗೆ ವಿರುದ್ಧವಾಗಿದ್ದರೂ ಕೊನೆಯವರೆಗೆ ಆಲಿಸೋಣ. ಕಾಗುಣಿತವನ್ನು ತಿದ್ದೋಣ; ಕಾರಣವನ್ನು ತಿದ್ದುವುದು ಬೇಡ.